ಅದುಶಾಸ್ತ್ರ ಪ್ರವೇಶಿಕೆ

ಯಾವ ಶಾಸ್ತ್ರವೇ ಆಗಲಿ, ಒಂದು ಸಂಶಯದಿಂದ ಹುಟ್ಟಬೇಕೆಂಬುದು ವಿದ್ವಾಂಸರ ಕಟ್ಟುಪಾಡು. ಪ್ರಕೃತ ಶಾಸ್ತ್ರ ಹುಟ್ಟಿದ್ದು ಒಂದು ಪಾತ್ರೆ ಹಾಲಿನಿಂದ. ಸರಿಯಾಗಿ ಹೇಳುವುದಾದರೆ, ಆ ಪಾತ್ರೆ ಮಗುಚಿದ್ದರಿಂದ.

ಸಂದರ್ಭ ಹೀಗೆ. ಭಾನುವಾರ ಬೆಳಿಗ್ಗೆ. ತೀರ್ಥಹಳ್ಳಿ ಸೀಮೆಯ ಒಂದು ಹೆಂಚಿನ ಮನೆ. ಪ್ರಬಂಧಕಾರ, ಅಂದರೆ ಪಿಯುಸಿ ಮಕ್ಕಳಿಗೆ ಹದಿನಾಲ್ಕು ವರ್ಷದಿಂದ ಕನ್ನಡ ವ್ಯಾಕರಣ ಕಲಿಸುತ್ತಿರುವ ನಾನು, ಜಗಲಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹಿತ್ತಲಿನಿಂದ ಹೆಂಡತಿಯ ದನಿ ಬಂತು: “ಮಾರಾಯ್ರೆ, ಅದು ಅಡುಗೆಮನೆಗೆ ನುಗ್ತು, ಹಿಡೀರಿ!”

ಸರ್ವನಾಮ ಕಿವಿಗೆ ಬಿದ್ದೊಡನೆ ಅದು ಯಾವ ನಾಮಪದಕ್ಕೆ ಬದಲಾಗಿ ಬಂದಿದೆಯೆಂದು ಹುಡುಕುವುದು ವೈಯಾಕರಣನ ಧರ್ಮ. ನಮ್ಮ ಮನೆಯಲ್ಲಿ ‘ಅದು’ ಎಂಬ ಪದಕ್ಕೆ ಹಕ್ಕುದಾರರು ಐವರು. ನಾಲ್ಕೂವರೆ ವರ್ಷದ ದೊಡ್ಡದು, ಒಂದೂಕಾಲು ವರ್ಷದ ಚಿಕ್ಕದು, ಕಾಳ ಎಂಬ ನಾಯಿ, ಚಿನ್ನಿ ಎಂಬ ಬೆಕ್ಕು, ಗಂಗೆ ಎಂಬ ಎರಡು ತಿಂಗಳ ಕರು. ‘ನುಗ್ತು’ ಎಂಬ ಕ್ರಿಯಾಪದ ನೋಡಿದರೆ ಗಂಗೆ ಇರಬೇಕು. ‘ಹಿಡೀರಿ’ ಎಂಬ ವಿಧ್ಯರ್ಥ ನೋಡಿದರೆ ಚಿಕ್ಕದು. ‘ಅಡುಗೆಮನೆಗೆ’ ಎಂಬ ಪದಕ್ಕೆ ಚಿನ್ನಿಯಷ್ಟು ಯೋಗ್ಯವಾದದ್ದು ಬೇರೊಂದಿಲ್ಲ. ದನಿಯ ಏರು ನೋಡಿದರೆ ದೊಡ್ಡದು. ಹೀಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳನ್ನು ತೂಗುತ್ತಿರುವಾಗಲೇ ಒಳಗೆ ಸ್ಟೀಲು ಪಾತ್ರೆ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ಐದರಲ್ಲಿ ನಾಲ್ಕು ಅಲ್ಲೇ ಇದ್ದವು. ಐದನೆಯದು ಕಿಟಕಿಯ ಸರಳಿಗೆ ಮೂತಿ ಒತ್ತಿ ಒಳಗೆ ನೋಡುತ್ತಿತ್ತು. ನಾಲ್ಕಕ್ಕೂ ಹಾಲಿನ ಮೀಸೆ ಇತ್ತು. ಕರ್ತೃ ಯಾರೆಂಬುದು ಈವರೆಗೆ ನಿರ್ಣಯವಾಗಿಲ್ಲ. ಕರ್ಮ ಮಾತ್ರ ನನಗೆ ಬಂತು, ನೆಲ ಒರೆಸಿದೆ.

ಒರೆಸುವಾಗ ಹೊಳೆದದ್ದೇ ಈ ಶಾಸ್ತ್ರ.

ಕನ್ನಡದಲ್ಲಿ ಲಿಂಗವನ್ನು ಅರ್ಥ ನೋಡಿ ನಿರ್ಣಯಿಸುತ್ತಾರೆ. ಸಂಸ್ಕೃತದ ಹಾಗೆ ಹೆಂಡತಿಯೊಬ್ಬಳಿಗೇ ‘ದಾರಾ’ ಎಂದು ಪುಲ್ಲಿಂಗ, ‘ಭಾರ್ಯಾ’ ಎಂದು ಸ್ತ್ರೀಲಿಂಗ, ‘ಕಲತ್ರ’ ಎಂದು ನಪುಂಸಕಲಿಂಗ, ಮೂರನ್ನೂ ದಯಪಾಲಿಸುವ ಔದಾರ್ಯ ನಮ್ಮ ನುಡಿಗಿಲ್ಲ. ಗಂಡಸು ಅವನು, ಹೆಂಗಸು ಅವಳು, ಮಿಕ್ಕಿದ್ದೆಲ್ಲ ಅದು. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲದಿಂದ ಇವತ್ತಿನ ಹೈಸ್ಕೂಲು ಪುಸ್ತಕದ ತನಕ ಹೆಚ್ಚುಕಡಿಮೆ ಇದೇ ಏರ್ಪಾಡು. ಆದರೆ ಮಗು, ಕೂಸು, ಶಿಶು ಎಂಬ ಮಾತುಗಳ ಹತ್ತಿರ ಬಂದಾಗ ಭಾಷೆ ತನ್ನ ಕಟ್ಟಳೆಯನ್ನು ತಾನೇ ಮುರಿಯುತ್ತದೆ. ಇವು ಮನುಷ್ಯಜಾತಿಗೆ ಸೇರಿದವಾದರೂ ನಪುಂಸಕಲಿಂಗ. ಮಗು ಅತ್ತಿತು. ನಾಯಿ ಬೊಗಳಿತು. ಕರು ಒದೆಯಿತು. ತರಗತಿಯಲ್ಲಿ ನಾನು ಇದನ್ನು ‘ಅಪವಾದ’ ಎಂದು ಕಲಿಸುತ್ತಿದ್ದೆ. ಮನೆಯಲ್ಲಿ ಎರಡು ಹುಟ್ಟಿದ ಮೇಲೆ ಇದು ಅಪವಾದವಲ್ಲ, ಪ್ರತ್ಯಕ್ಷ ಪ್ರಮಾಣ ಎಂದು ಮನವರಿಕೆಯಾಯಿತು. ನಮ್ಮ ಹಿರಿಯರು ಮಕ್ಕಳನ್ನೂ ದನಕರುವನ್ನೂ ಒಂದೇ ಜಗಲಿಯಲ್ಲಿ ನೋಡಿ, ಬೇರೆ ಬೇರೆ ಪ್ರತ್ಯಯ ಹಚ್ಚುವಂಥ ವ್ಯತ್ಯಾಸವೇನೂ ಕಾಣದೆ, ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದ್ದಾರೆ.

ಪೋಷಕ ಸಾಕ್ಷ್ಯ ಬೇಕಾದವರಿಗೆ ನಿಘಂಟು ಇದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಿಸಿದ ಕಿಟೆಲ್ ಕೋಶವನ್ನು ತೆರೆದು ಕೂತರೆ ಮಧ್ಯಾಹ್ನ ಕಳೆದದ್ದು ತಿಳಿಯುವುದಿಲ್ಲ. ಕಂದ ಅಂದರೆ ಮಗು, ಕಂದು ಅಂದರೆ ಕರು. ನಡುವೆ ಇರುವುದು ಒಂದು ಉಕಾರ. ನಾಯಿಯದೂ ಮರಿ, ಬೆಕ್ಕಿನದೂ ಮರಿ, ಎತ್ತಿಕೊಂಡು ಮುದ್ದಾಡುವಾಗ ನಮ್ಮದೂ ‘ಬಾ ಮರೀ’. ಬೆನ್ನಮೇಲೆ ಹೊತ್ತುಕೊಂಡರಂತೂ ‘ಕೂಸುಮರಿ’. ಅಲ್ಲಿ ಕೂಸು ಎಲ್ಲಿ ಮುಗಿಯಿತು, ಮರಿ ಎಲ್ಲಿ ಶುರುವಾಯಿತು ಎಂದು ಸಮಾಸ ಬಿಡಿಸಿದವರಿಲ್ಲ. ಕಿಟೆಲ್ ಸಾಹೇಬರಿಗೆ ಇದು ಅಚ್ಚರಿಯೆನಿಸಿರಲಾರದು, ಯಾಕೆಂದರೆ ಅವರ ತಾಯಿನುಡಿ ಜರ್ಮನ್ನಿನಲ್ಲೂ ಮಗು ನಪುಂಸಕವೇ.

ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು’ ಎಂದೇ ಹೇಳುವ ರೂಢಿಯಿದೆ. ಈ ಪ್ರಬಂಧ ಆ ವಿಷಯಕ್ಕೆ ಕೈಹಾಕುವುದಿಲ್ಲ. ಪ್ರಬಂಧಕಾರ ಮಧ್ಯಾಹ್ನ ಇದೇ ಮನೆಯಲ್ಲಿ ಊಟ ಮಾಡಬೇಕು.

ಲಕ್ಷಣ ವಿಚಾರ

ಶಾಸ್ತ್ರವೆಂದ ಮೇಲೆ ಲಕ್ಷಣ ಬೇಕು. ಲಕ್ಷಣಕ್ಕೆ ಮೂರು ದೋಷಗಳೆಂದು ತಾರ್ಕಿಕರು ಎಣಿಸುತ್ತಾರೆ. ಸೇರಬಾರದ್ದು ಸೇರಿದರೆ ಅತಿವ್ಯಾಪ್ತಿ, ಸೇರಬೇಕಾದ್ದು ಬಿಟ್ಟುಹೋದರೆ ಅವ್ಯಾಪ್ತಿ, ಯಾವುದಕ್ಕೂ ಹೊಂದದಿದ್ದರೆ ಅಸಂಭವ.

ಮೊದಲು ‘ನಾಲ್ಕು ಕಾಲಿನಲ್ಲಿ ನಡೆಯುವುದು ಅದು’ ಎಂದು ಬರೆದುಕೊಂಡೆ. ಚಿಕ್ಕದು ಅಂಬೆಗಾಲಿಕ್ಕುತ್ತಿದ್ದಷ್ಟು ಕಾಲ, ಎರಡೇ ಕಾಲಿನ ದೊಡ್ಡದರ ಕಡೆಗೆ ಕಣ್ಣುಮುಚ್ಚಿಕೊಂಡರೆ, ಲಕ್ಷಣಕ್ಕೆ ಭಂಗವಿರಲಿಲ್ಲ. ಯುಗಾದಿಯ ಮಾರನೆಯ ದಿನ ಅದು ಗೋಡೆ ಹಿಡಿದು ಎದ್ದು ನಿಂತು, ಕೈಬಿಟ್ಟು, ಎರಡು ಹೆಜ್ಜೆ ಹಾಕಿ ನಕ್ಕಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಲಕ್ಷಣ ಅವ್ಯಾಪ್ತಿಯಿಂದ ಕೆಟ್ಟಿತು. ಅದೇ ಸಂಜೆ ದೊಡ್ಡದು ನನ್ನ ಬೆನ್ನೇರಿ “ಆನೇ, ನಡೀ” ಎಂದು ಕಿವಿ ಹಿಡಿಯಿತು. ಜಗಲಿಯಿಂದ ದೇವರ ಕೋಣೆಯ ತನಕ ನಾಲ್ಕು ಕಾಲಲ್ಲಿ ಹೋದೆ. ಅಮ್ಮ ಬತ್ತಿ ಹೊಸೆಯುತ್ತಿದ್ದವಳು ತಲೆಯೆತ್ತಿ “ಇದೂ ಒಂದು ಸೇರ್ತು” ಅಂದಳು. ಅತಿವ್ಯಾಪ್ತಿ.

ಎರಡನೆಯ ಲಕ್ಷಣ: ‘ಕೊಟ್ಟದ್ದನ್ನು ಬಿಟ್ಟು ಬಿದ್ದದ್ದನ್ನು ತಿನ್ನುವುದು.’ ತುಪ್ಪ ಹಾಕಿದ ರಾಗಿ ಸರಿಯ ಬಟ್ಟಲು ಕಂಡರೆ ತುಟಿ ಬಿಗಿಯುವ ಚಿಕ್ಕದು, ಚಾಪೆಯ ಅಡಿಯಲ್ಲಿ ನಿನ್ನೆಯಿಂದ ಒಣಗಿದ ದೋಸೆಯ ಚೂರನ್ನು ಪ್ರಸಾದದಂತೆ ಕಣ್ಣುಮುಚ್ಚಿ ಚೀಪುವುದನ್ನು ನೋಡಿದವರು ಇದನ್ನು ಒಪ್ಪುತ್ತಾರೆ. ಕಾಳನ ವಿಷಯ ಹೇಳುವುದೇ ಬೇಡ. ಆದರೆ ಚಿನ್ನಿ ಕೊಟ್ಟದ್ದನ್ನೂ ತಿನ್ನುವುದಿಲ್ಲ, ಬಿದ್ದದ್ದನ್ನೂ ತಿನ್ನುವುದಿಲ್ಲ. ಮುಚ್ಚಿಟ್ಟದ್ದನ್ನು ಮಾತ್ರ ತಿನ್ನುತ್ತದೆ. ಗಂಗೆ ಒಣಹಾಕಿದ್ದನ್ನು ತಿನ್ನುತ್ತದೆ, ಪ್ರಮಾಣ ನನ್ನ ಪಂಚೆಯ ಅಂಚು.

‘ಕರೆದರೆ ಬಾರದ್ದು, ಕರೆಯದಿದ್ದರೆ ಬರುವುದು’ ಎಂಬ ಮೂರನೆಯದು ಕೇಳಲಿಕ್ಕೆ ಚೆನ್ನಾಗಿತ್ತು. ಆದರೆ ಮಳೆಗಾಲದ ಕರೆಂಟಿಗೆ ಅದರ ಮೊದಲರ್ಧವೂ, ಅಡಿಕೆ ಕೊಯ್ಲಿನ ಹೊತ್ತಿನ ನೆಂಟರಿಗೆ ಎರಡನೆಯರ್ಧವೂ ಹೊಂದುತ್ತದೆಂದು ಹೆಂಡತಿ ತೋರಿಸಿಕೊಟ್ಟಳು.

ಕೊನೆಗೆ ನಿರ್ದುಷ್ಟವಾದ ಲಕ್ಷಣ ಕೊಟ್ಟವಳು ಅಮ್ಮ. ಅವಳು ನ್ಯಾಯಶಾಸ್ತ್ರ ಓದಿದವಳಲ್ಲ, ಮಕ್ಕಳು ಮೂವರನ್ನೂ ಕೊಟ್ಟಿಗೆ ತುಂಬ ದನವನ್ನೂ ಸಾಕಿದವಳು. “ಯಾವ್ದು ಗಲಾಟೆ ಮಾಡಿದ್ರೆ ಚಿಂತೆ ಇಲ್ವೋ, ಸುಮ್ನಿದ್ರೆ ಎದೆ ಹೊಡ್ಕೊಳ್ತದೋ, ಅದು ಮಾರಾಯ.” ಐದಕ್ಕೂ ಹಚ್ಚಿ ನೋಡಿದೆ, ಒಂದೂ ತಪ್ಪಿಸಿಕೊಳ್ಳಲಿಲ್ಲ. ಈ ಸಾಲು ಬರೆಯುವಾಗ ಮನೆ ಸದ್ದಿಲ್ಲದೆ ಇದೆ. ಒಂದು ನಿಮಿಷ, ನೋಡಿ ಬಂದೆ.

(ಅರಿಸಿನದ ಡಬ್ಬಿ. ಚಿಕ್ಕದು ಮತ್ತು ಚಿನ್ನಿ. ಹೆಚ್ಚಿನ ವಿವರ ಅನಗತ್ಯ.)

ಪತನ ಮೀಮಾಂಸೆ

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆರೆನ್ ಅಡಾಲ್ಫ್ ಮತ್ತವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಗು ತನ್ನ ಪಾಡಿಗೆ ಆಡಿಕೊಂಡಿರುವಾಗ ಗಂಟೆಗೆ ಸರಾಸರಿ 2368 ಹೆಜ್ಜೆ ಹಾಕುತ್ತದೆ, 17 ಸಲ ಬೀಳುತ್ತದೆ. ಪರದೇಶದ ಲೆಕ್ಕವನ್ನು ಪರೀಕ್ಷಿಸದೆ ಒಪ್ಪಬಾರದೆಂದು ನಾನೂ ಒಂದು ಗಂಟೆ ಕೂತೆ. ಹೆಜ್ಜೆ ಎಣಿಸುವುದನ್ನು ಎರಡೇ ನಿಮಿಷಕ್ಕೆ ಕೈಬಿಟ್ಟೆ. ಬಿದ್ದದ್ದಕ್ಕೆ ಮಾತ್ರ ಒಂದೊಂದು ಗೋಟಡಿಕೆಯನ್ನು ಬುಟ್ಟಿಗೆ ಹಾಕುತ್ತ ಹೋದೆ. ಗಂಟೆಯ ಕೊನೆಗೆ ನೋಡಿದರೆ ಬುಟ್ಟಿಯಲ್ಲಿ ನಾಲ್ಕೇ ಅಡಿಕೆ. ದೊಡ್ಡದು ನನ್ನ ಬೆನ್ನ ಹಿಂದಿನಿಂದ ಒಂದೊಂದನ್ನೇ ಅಂಗಳಕ್ಕೆ ಎಸೆದಿತ್ತು. ಕಾಳ ಅವನ್ನು ಕಚ್ಚಿ ತಂದು ತುಳಸಿಕಟ್ಟೆಯ ಬುಡದಲ್ಲಿ ಹೂತಿತ್ತು. ಹಾಗಾಗಿ ನ್ಯೂಯಾರ್ಕಿನ ಲೆಕ್ಕವನ್ನೇ ಸದ್ಯಕ್ಕೆ ಉಳಿಸಿಕೊಂಡಿದ್ದೇನೆ.

ಎಣಿಕೆಗಿಂತ ಮುಖ್ಯವಾದದ್ದು ಬಿದ್ದ ಮೇಲಿನ ಕಾಲು ನಿಮಿಷ. ಬಿದ್ದ ಕೂಡಲೇ ಚಿಕ್ಕದು ಅಳುವುದಿಲ್ಲ. ಕುಂಡೆಯ ಮೇಲೆ ಕೂತು ಸುತ್ತ ನೋಡುತ್ತದೆ. ಯಾರೂ ನೋಡಿಲ್ಲವೆಂದಾದರೆ ಬಿದ್ದದ್ದೇ ಸುಳ್ಳು, ಎದ್ದು ಮುಂದುವರಿಯುತ್ತದೆ. ನಾನು ನೋಡಿದ್ದರೆ ಅರ್ಧ ಅಳು. ಅಜ್ಜಿ ನೋಡಿದ್ದರೆ ಪೂರ್ಣ ಅಳು, ಜೊತೆಗೆ ಬಿದ್ದಿರದ ಮೊಣಕೈಯನ್ನೂ ತೋರಿಸುತ್ತದೆ. ಅಜ್ಜಿ ಬಂದು ನೆಲಕ್ಕೆ ಎರಡು ಬಾರಿಸಿ “ಈ ನೆಲಕ್ಕೆ ಬುದ್ಧಿ ಇಲ್ಲ ನೋಡು” ಎನ್ನುತ್ತಾಳೆ. ಕಣ್ಣಲ್ಲಿ ನೀರಿರುವಾಗಲೇ ಚಿಕ್ಕದು ತಾನೂ ಎರಡು ಬಾರಿಸುತ್ತದೆ. ಕಾಳ ಬಂದು ಅದೇ ಜಾಗವನ್ನು ಮೂಸಿ ತೀರ್ಪನ್ನು ಅನುಮೋದಿಸುತ್ತದೆ. ಈ ಮನೆಯಲ್ಲಿ ಅತಿ ಹೆಚ್ಚು ಶಿಕ್ಷೆ ಅನುಭವಿಸಿದ ನಿರಪರಾಧಿ ಯಾರೆಂದರೆ ನಮ್ಮ ಸಿಮೆಂಟು ನೆಲ.

ಬೆಕ್ಕಿನ ಪತನ ಬೇರೆ ದರ್ಶನ. ಎತ್ತರದಿಂದ ಬೆನ್ನು ಕೆಳಗಾಗಿ ಬಿಟ್ಟ ಬೆಕ್ಕು ಗಾಳಿಯಲ್ಲೇ ಹೊರಳಿ ನಾಲ್ಕು ಕಾಲಮೇಲೆ ಇಳಿಯುವುದನ್ನು ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1894ರಲ್ಲೇ ಸಾಲುಸಾಲು ಚಿತ್ರ ತೆಗೆದು ತೋರಿಸಿದ. ಕಿಟೆಲ್ ಕೋಶ ಅಚ್ಚಾದ ವರ್ಷವೇ ಇದೂ ನಡೆದಿರುವುದನ್ನು ಕಾಕತಾಳೀಯವೆಂದು ತಳ್ಳಿಹಾಕುವವರು ತಳ್ಳಿಹಾಕಲಿ. ಅಟ್ಟದ ಅಂಚಿನಿಂದ ಜಾರಿದ ಚಿನ್ನಿ ಕೆಳಗೆ ಬಂದೊಡನೆ ಕೂತು ಮುಂಗಾಲು ನೆಕ್ಕಿಕೊಳ್ಳಲು ತೊಡಗುತ್ತದೆ. ಇಲ್ಲಿಗೇ ಬರಬೇಕೆಂದಿತ್ತು, ಬಂದೆ ಎಂಬ ಭಾವ. ನೋಡಿದವರ ಮುಖವನ್ನು ಅದು ನೋಡುವುದೂ ಇಲ್ಲ.

ಕಿಶೋರ ನ್ಯಾಯ

ಶ್ರೀವೈಷ್ಣವ ವೇದಾಂತದಲ್ಲಿ ಒಂದು ಹಳೆಯ ಚರ್ಚೆಯಿದೆ. ಜೀವವು ದೇವರನ್ನು ಮಂಗನ ಮರಿ ತಾಯಿಯ ಹೊಟ್ಟೆ ತಬ್ಬಿದ ಹಾಗೆ ತಾನೇ ಹಿಡಿದುಕೊಳ್ಳಬೇಕೋ, ಇಲ್ಲ ಬೆಕ್ಕು ತನ್ನ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಹಾಗೆ ದೇವರೇ ಹೊತ್ತೊಯ್ಯುತ್ತಾನೋ? ಮೊದಲನೆಯದು ಮರ್ಕಟಕಿಶೋರ ನ್ಯಾಯ, ವಡಗಲೈಯವರದು. ಎರಡನೆಯದು ಮಾರ್ಜಾರಕಿಶೋರ ನ್ಯಾಯ, ತೆಂಗಲೈಯವರದು. ಎರಡೂ ಪಕ್ಷದ ಆಚಾರ್ಯರು ನಮ್ಮ ಮನೆಗೆ ಬಾರದೆ ಹೋದದ್ದು ನಷ್ಟ. ಹೆಂಡತಿಯ ಸೊಂಟದಲ್ಲಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತ ಚಿಕ್ಕದು ಮೊದಲನೆಯದಕ್ಕೆ ಉದಾಹರಣೆ. ಊಟದ ಮಧ್ಯೆ ಎದ್ದೋಡಿದ ಅದನ್ನೇ ಕಂಕುಳಲ್ಲಿ ಇರುಕಿ ತರುವುದು ಎರಡನೆಯದಕ್ಕೆ. ದೊಡ್ಡದು ಚಿನ್ನಿಯನ್ನು ಎತ್ತುವ ಕ್ರಮ ಮಾತ್ರ ಯಾವ ಸಂಪ್ರದಾಯದಲ್ಲೂ ಇಲ್ಲ. ಮುಂಗಾಲಿನ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿದರೆ ಬೆಕ್ಕಿನ ಮೇಲರ್ಧ ದೊಡ್ಡದರ ಗಲ್ಲದ ಹತ್ತಿರವಿರುತ್ತದೆ, ಕೆಳಗಿನರ್ಧ ಎಳೆದ ಹಾಗೆ ಉದ್ದವಾಗುತ್ತ ಮೊಣಕಾಲು ದಾಟಿ ನೇತಾಡುತ್ತದೆ. ಬೆಕ್ಕು ಘನವೋ ದ್ರವವೋ ಎಂದು ವಿಚಾರ ಮಾಡಿದ ಮಾರ್ಕ್ ಆಂಟ್ವಾನ್ ಫಾರ್ದಿನ್ ಎಂಬ ಭೌತವಿಜ್ಞಾನಿಗೆ 2017ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಬಹುಮಾನ ಬಂದಿದೆ. ದೊಡ್ಡದರ ಕೈಯಲ್ಲಿರುವ ಚಿನ್ನಿಯನ್ನು ನೋಡಿದ ಮೇಲೆ ನನಗೆ ಅದರಲ್ಲಿ ವಿನೋದ ಕಾಣಲಿಲ್ಲ.

ಇದಕ್ಕೆ ಜೋತುಕಿಶೋರ ನ್ಯಾಯವೆಂದು ಹೆಸರಿಟ್ಟಿದ್ದೇನೆ. ಇದರಲ್ಲಿ ಹಿಡಿಸಿಕೊಂಡದ್ದು ಹಿಡಿಯುವುದೂ ಇಲ್ಲ, ಬಿಡಿಸಿಕೊಳ್ಳುವುದೂ ಇಲ್ಲ, ಸಹಿಸುತ್ತದೆ. ನಮ್ಮಲ್ಲಿ ಬೇರೆ ಯಾರು ಹಾಗೆ ಎತ್ತಿದರೂ ಉಗುರು ಹೊರಬರುತ್ತದೆ. ದೊಡ್ಡದು ಕೆಳಗಿಳಿಸಿದರೆ ಚಿನ್ನಿ ಎರಡು ಹೆಜ್ಜೆ ದೂರ ಹೋಗಿ, ತಿರುಗಿ ಬಂದು, ಅದರ ಕಾಲಿಗೇ ಬೆನ್ನು ಉಜ್ಜುತ್ತದೆ.

ಶಬ್ದ ಪ್ರಕರಣ

ಚಿಕ್ಕದರ ಭಾಷೆಯಲ್ಲಿ ಈಗ ಏಳು ಪದಗಳಿವೆ. ‘ಅಂಬಾ’ ಅಂದರೆ ಗಂಗೆ, ಗಂಗೆಯ ತಾಯಿ ಕೌಲೆ, ಹಾಲು, ಹಾಲಿನ ಡೇರಿ, ಡೇರಿಗೆ ಹೋಗುವ ಪಕ್ಕದ ಮನೆಯವರ ಸ್ಕೂಟರು. ‘ಬೌ’ ಅಂದರೆ ಕಾಳ. ಚಿನ್ನಿಯನ್ನೂ ‘ಬೌ’ ಎಂದು ಕರೆಯುವುದುಂಟು. ಅಂಥ ದಿನ ಚಿನ್ನಿ ಸಂಜೆಯ ತನಕ ಒಲೆಕಟ್ಟೆ ಬಿಟ್ಟು ಇಳಿಯುವುದಿಲ್ಲ. ಸಂಧಿಕಾರ್ಯ ಶಾಸ್ತ್ರಬದ್ಧವಾಗಿದೆ. ‘ಕಾಳಾ ಬಾ’ ಎಂಬಲ್ಲಿ ಳಾಕಾರ ಲೋಪವಾಗಿ ‘ಕಾಬಾ’; ‘ಅಜ್ಜಿ’ಯಲ್ಲಿ ಜಕಾರಕ್ಕೆ ತಕಾರ ಆದೇಶವಾಗಿ ‘ಅತ್ತಿ’. ಆಗಮ ಸಂಧಿ ಇನ್ನೂ ಆಗಮಿಸಿಲ್ಲ. ನಾನು ಸ್ಪಷ್ಟವಾಗಿ, ಒತ್ತಕ್ಷರವೊಂದೂ ಜಾರದ ಹಾಗೆ ಕರೆದರೆ ಕಾಳ ಒಂದು ಕಿವಿ ಎತ್ತಿ ಇಳಿಸುತ್ತದೆ. ‘ಕಾಬಾ’ ಎಂದರೆ ತೋಟದ ಕೆಳಗಿನ ಹಳ್ಳದಿಂದ ಓಡಿ ಬರುತ್ತದೆ.

ಶಾಸನ ಭಾಗ

ಹಾಸನ ಜಿಲ್ಲೆಯ ಹಲ್ಮಿಡಿಯ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ನಮ್ಮ ಜಗಲಿಯ ಬಡಗು ಗೋಡೆಯ ಶಾಸನವನ್ನು ಬೆಳಕಿಗೆ ತಂದವನು ನಾನು. ದೀಪಾವಳಿಗೆಂದು ಸುಣ್ಣ ಬಳಿಸಿದ ಮಾರನೆಯ ದಿನವೇ ತಂದೆ. ನೆಲದಿಂದ ಎರಡೂವರೆ ಅಡಿ ಎತ್ತರ, ಬಚ್ಚಲೊಲೆಯ ಇದ್ದಿಲು, ನಡುನಡುವೆ ಕೆಂಪು ಕ್ರೇಯಾನ್. ಒಂದು ಉರುಟು, ಅದರ ಸುತ್ತ ಏಳೋ ಎಂಟೋ ಗೆರೆ, ಒಳಗೆ ಎರಡು ಚುಕ್ಕೆ. ಪಾಠ ನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿರಲಿಲ್ಲ. ನಾನು ಸೂರ್ಯ ಎಂದೆ. ಶಾಸನದ ಮೇಲ್ತುದಿಯಲ್ಲಿ ಸೂರ್ಯಚಂದ್ರರಿರುವುದು ವಾಡಿಕೆ. ಹೆಂಡತಿ ಜೇಡ ಎಂದಳು. ಅಮ್ಮ ಕನ್ನಡಕ ಹಾಕಿ ನೋಡಿ “ಚಕ್ಕುಲಿ” ಅಂದಳು. ಶಾಸನಕರ್ತೃ ಇನ್ನೂ ಬದುಕಿರುವ ಅಪರೂಪದ ಅನುಕೂಲವಿದ್ದುದರಿಂದ ಕರೆಸಿ ಕೇಳಿದೆವು.

“ಅದು ಕಾಳ,” ಅಂದಿತು ದೊಡ್ಡದು.

“ಬಾಲ ಎಲ್ಲಿ?”

“ಆಚೆ ಇದೆ.”

ಗೋಡೆಯ ಆಚೆ ನಮ್ಮ ಮಲಗುವ ಕೋಣೆ. ಹೋಗಿ ನೋಡಿದೆ. ಅದೇ ಎತ್ತರದಲ್ಲಿ, ಅದೇ ಸುಣ್ಣದ ಮೇಲೆ, ಒಂದು ಬಾಲವಿತ್ತು.

ಹಳೆಯ ದಾನಶಾಸನಗಳ ಕೊನೆಯಲ್ಲಿ ಶಾಪಾಶಯವಿರುತ್ತದೆ. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂಬ ಧಾಟಿ. ಆ ಕವಿಲೆಯೇ ನಮ್ಮ ಕೊಟ್ಟಿಗೆಯ ಕೌಲೆ. ನಾನು ಒದ್ದೆ ಬಟ್ಟೆ ಹಿಡಿದು ಬಂದಾಗ ದೊಡ್ಡದು ಗೋಡೆಗೆ ಅಡ್ಡ ನಿಂತು ತನ್ನ ಶಾಪಾಶಯ ಓದಿತು: “ಒರೆಸಿದ್ರೆ ಅಜ್ಜಿಗೆ ಹೇಳ್ತೀನಿ.” ವಾರಣಾಸಿ ದೂರ; ಅಜ್ಜಿ ಪಕ್ಕದ ಕೋಣೆ. ಶಾಸನ ಇವತ್ತಿಗೂ ಸುಸ್ಥಿತಿಯಲ್ಲಿದೆ.

ನಾಯಿಯ ಹೆಸರಿನಲ್ಲಿ ಶಾಸನ ಹಾಕಿಸುವುದು ಕನ್ನಡನಾಡಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು 949-50ರ ಹೊತ್ತಿನದು, ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲರನಿಗೆ ಒಡೆಯ ಮೆಚ್ಚಿ ಬೇಕಾದ್ದು ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು.

ಕಾಳಿ, ಕಾಳ. ವಂಶಾವಳಿಯನ್ನು ಹೆಸರಿನ ಸಾಮ್ಯದ ಮೇಲೆ ಕಟ್ಟುವುದು ನಮ್ಮ ಸಂಶೋಧನೆಯಲ್ಲಿ ಒಪ್ಪಿತ ವಿಧಾನವಾದ್ದರಿಂದ ನಾನೂ ಕಟ್ಟಿದೆ. ಕಳೆದ ಮಳೆಗಾಲದಲ್ಲಿ ಕಾಡುಹಂದಿ ನಮ್ಮ ಗೆಣಸಿನ ಮಡಿಗೆ ಬಂದ ರಾತ್ರಿ ಆ ವಂಶಾವಳಿ ಕುಸಿಯಿತು. ಹಂದಿ ಗೆಣಸು ಅಗೆಯುವ ಸದ್ದು ಹಿತ್ತಲಿನಿಂದ ಬರುತ್ತಿತ್ತು. ಕಾಳ ಉಸಿರಾಡುವ ಸದ್ದು ನನ್ನ ಮಂಚದ ಅಡಿಯಿಂದ ಬರುತ್ತಿತ್ತು. ನಾಯಿಮರಿ ತಿಂಡಿ ಬೇಡುವ, ಮನೆ ಕಾಯುವ ಭಾಷೆ ಕೊಡುವ ಜಿ.ಪಿ. ರಾಜರತ್ನಂ ಅವರ ಪದ್ಯ ಕನ್ನಡದ ಮಕ್ಕಳಿಗೆಲ್ಲ ಬಾಯಿಪಾಠ. ನಮ್ಮಲ್ಲಿ ಆ ಕರಾರಿನ ಮೊದಲ ಭಾಗ ಮಾತ್ರ ಜಾರಿಯಲ್ಲಿದೆ.

ಹಾಗೆಂದು ಬರೆದು ಮುಗಿಸುವವನಿದ್ದೆ. ಆದರೆ ಮಧ್ಯಾಹ್ನದ ಹೊತ್ತಿನ ಒಂದು ಸಂಗತಿಯನ್ನು ದಾಖಲಿಸದಿದ್ದರೆ ನಾಯಿಯ ಪಾಪ ನನಗೆ ತಟ್ಟೀತು. ಚಿಕ್ಕದನ್ನು ಜಗಲಿಯ ಚಾಪೆಯ ಮೇಲೆ ಮಲಗಿಸುತ್ತೇವೆ. ಜಗಲಿಯ ಅಂಚಿನಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಅದು ನಿದ್ದೆಯಲ್ಲಿ ಉರುಳುತ್ತ ಉರುಳುತ್ತ ಅಂಚಿನ ಕಡೆ ಬರುತ್ತದೆ. ಕಾಳ ಎಲ್ಲಿದ್ದರೂ ಎದ್ದು ಬಂದು ಅಂಚಿನ ಉದ್ದಕ್ಕೂ ಮಲಗುತ್ತದೆ. ಯಾರೂ ಕಲಿಸಿದ್ದಲ್ಲ. ಚಿಕ್ಕದು ಉರುಳಿ ಬಂದು ಅದರ ಹೊಟ್ಟೆಗೆ ತಾಗಿ ನಿಲ್ಲುತ್ತದೆ, ಕೈ ಚಾಚಿ ಕಿವಿ ಹಿಡಿದುಕೊಳ್ಳುತ್ತದೆ. ನೊಣ ಮೂತಿಯ ಮೇಲೆ ಕೂತರೂ ಕಾಳ ತಲೆ ಕೊಡವುವುದಿಲ್ಲ. ಒಂದೂವರೆ ಗಂಟೆ.

ದೊಡ್ಡದು ಇದನ್ನು ನೋಡಿಯೋ ಏನೋ, ತುಳಸಿಕಟ್ಟೆಯ ಪಕ್ಕ ಹಳ್ಳದ ಒಂದು ಉರುಟು ಕಲ್ಲು ತಂದು ನೆಟ್ಟಿದೆ. ಆತಕೂರಿನ ಕತೆ ಅದಕ್ಕೆ ನಾನು ಹೇಳಿದ್ದೇ, ಸಾಯುವ ಭಾಗ ಬಿಟ್ಟು. ದಿನಾ ಬೆಳಿಗ್ಗೆ ಕಲ್ಲಿಗೆ ಒಂದು ದಾಸವಾಳ, ಒಂದು ಬಿಸ್ಕತ್ತು. ನೈವೇದ್ಯ ಮುಗಿಯುವ ತನಕ ಕಾಳ ಪಕ್ಕದಲ್ಲಿ ಕೂತು ಕಾಯುತ್ತದೆ, ಆಮೇಲೆ ತಿನ್ನುತ್ತದೆ. ತನ್ನ ವೀರಗಲ್ಲಿನ ನೈವೇದ್ಯವನ್ನು ತಾನೇ ಉಂಡ ವೀರ ಶಾಸನ ಸಂಪುಟಗಳಲ್ಲಿ ಬೇರೆ ಸಿಕ್ಕರೆ ಓದುಗರು ತಿಳಿಸಬೇಕು.

ಮುದ್ರಾ ಪ್ರಕರಣ

ಗಂಗೆ ಮಲೆನಾಡು ಗಿಡ್ಡ ತಳಿ. ಈ ದನಗಳು ಬೆಳೆದರೂ ಮೂರಡಿ ಎತ್ತರದ ಆಸುಪಾಸು. ಹಾಗಾಗಿ ಎರಡು ತಿಂಗಳ ಗಂಗೆಯೂ ಹೊಸದಾಗಿ ನಡೆಯಲು ಕಲಿತ ಚಿಕ್ಕದೂ ಎದುರಾದರೆ ಕಣ್ಣಿಗೆ ಕಣ್ಣು ಸರಿಸಮ. ಮೊದಲ ದಿನ ಇಬ್ಬರೂ ಒಂದು ನಿಮಿಷ ಹಾಗೇ ನೋಡುತ್ತ ನಿಂತರು. (‘ಇಬ್ಬರೂ ನಿಂತರು’ ಎಂಬುದು ವ್ಯಾಕರಣ ದೋಷ, ‘ಎರಡೂ ನಿಂತವು’ ಎಂದು ತಿದ್ದಿಕೊಳ್ಳುವುದು.) ಆಮೇಲೆ ಗಂಗೆ ಅದರ ಕೆನ್ನೆ ನೆಕ್ಕಿತು. ಚಿಕ್ಕದು ಸ್ವಲ್ಪ ಯೋಚಿಸಿ ಗಂಗೆಯ ಕೆನ್ನೆ ನೆಕ್ಕಿತು.

ದೀಪಾವಳಿಯ ಪಾಡ್ಯದ ದಿನ ನಮ್ಮಲ್ಲಿ ಗೋಪೂಜೆ. ಹಿಂದಿನ ಸಂಜೆಯೇ ಅಡಿಕೆ, ಸಿಂಗಾರ, ಚೆಂಡುಹೂವು ಪೋಣಿಸಿ ಹಾರ ಕಟ್ಟಿಟ್ಟು, ಬೆಳಿಗ್ಗೆ ದನಕರುವಿನ ಮೈ ತೊಳೆದು, ಕೆಮ್ಮಣ್ಣನ್ನೂ ಜೇಡಿಯನ್ನೂ ಕಲಸಿ, ಸಿದ್ದೆಯ ಬಾಯನ್ನು ಅದರಲ್ಲಿ ಅದ್ದಿ ಮೈತುಂಬ ಬಳೆಯಂಥ ಮುದ್ರೆ ಒತ್ತುತ್ತೇವೆ. ಕೌಲೆಗೆ ಒತ್ತಿ ಮುಗಿಸಿ ಗಂಗೆಯ ಬಳಿ ಬಂದಾಗ ದೊಡ್ಡದು “ಒಂದ್ಸಲ ನಾನು” ಎಂದು ಸಿದ್ದೆ ತೆಗೆದುಕೊಂಡಿತು. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕರೆದರು. ಹೋಗಿ ಮಾತಾಡಿ ಬರುವುದರೊಳಗೆ ಹತ್ತು ನಿಮಿಷ.

ಮಹಜರು ಹೀಗಿದೆ. ಗಂಗೆಯ ಮೈಮೇಲೆ ಜಾಗವಿದ್ದಷ್ಟು. ಕಾಳನ ಎರಡೂ ಪಕ್ಕ, ಹಣೆಯಲ್ಲಿ ಒಂದು ಬಿಳಿ. ಚಿನ್ನಿಗೆ ಒಂದೇ, ಅದೂ ಅರ್ಧ. ಉಳಿದರ್ಧ ಅದು ಓಡಿಹೋದ ದಿಕ್ಕಿನ ಕಂಬದ ಮೇಲೆ. ಪಕ್ಕದ ಮನೆಯವರ ಸ್ಕೂಟರಿನ ಸೀಟು, ಚಿಕ್ಕದರ ಭಾಷೆಯಲ್ಲಿ ಅದೂ ‘ಅಂಬಾ’ವೇ ಆದ್ದರಿಂದ ಆಕ್ಷೇಪಿಸುವಂತಿಲ್ಲ. ಚಿಕ್ಕದಕ್ಕೆ ಬಟ್ಟೆ ಬಿಚ್ಚಿಸಿ ಹೊಟ್ಟೆಗೆ ಮೂರು ಕೆಂಪು, ಬೆನ್ನಿಗೆ ನಾಲ್ಕು ಬಿಳಿ, ಎರಡೂ ಕುಂಡೆಗೆ ಒಂದೊಂದು. ಅದು ತಲೆಯಲ್ಲಿ ಚೆಂಡುಹೂವಿನ ಹಾರ ಧರಿಸಿ ಗಂಗೆಯ ಪಕ್ಕ ನಿಂತಿತ್ತು, ಮುಂದಿನ ಕಾರ್ಯಕ್ರಮಕ್ಕೆ ಸಿದ್ಧವಾಗಿ.

ಹೆಂಡತಿ ಬಾಗಿಲಿಗೆ ಬಂದು ನೋಡಿದಳು. ಬಯ್ಯಲೆಂದು ತೆರೆದ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು, ಅಲ್ಲಿಂದ ನಗು ಕೇಳಿಸಿತು. ಅಮ್ಮ ಆರತಿ ತಟ್ಟೆ ಹಿಡಿದು ಬಂದಳು. ಮುದ್ರೆ ಬಿದ್ದವರಿಗೆಲ್ಲ ಆರತಿ ಆಗಬೇಕೆಂದು ದೊಡ್ಡದರ ವಾದ; ಅಮ್ಮ ಅದಕ್ಕೆ ಎದುರಾಡಲಿಲ್ಲ. ಸಾಲಾಗಿ ನಿಲ್ಲಿಸಿ ಬೆಳಗಿದಳು. ಕೌಲೆ, ಗಂಗೆ, ಚಿಕ್ಕದು, ಕಾಳ. ಹೊಗೆ ಮೂಗಿಗೆ ಬಂದು ಕಾಳ ಸೀನಿ ದೀಪ ಆರಿತು, ಮತ್ತೆ ಹಚ್ಚಿದರು. ಗೋಗ್ರಾಸದ ಕಡುಬನ್ನು ಬಾಳೆಲೆಯಲ್ಲಿ ಗಂಗೆಯ ಮುಂದಿಟ್ಟರೆ ಚಿಕ್ಕದು ಕೂತು ಅದೇ ಎಲೆಯಿಂದ ಎತ್ತಿ ತಿಂದಿತು. ಬಟ್ಟಲಲ್ಲಿ ಕೊಟ್ಟಾಗ ಮೂರು ತುತ್ತಿಗೆ ಮುಖ ತಿರುಗಿಸುವ ಪ್ರಾಣಿ ಅವತ್ತು ಕಡುಬು ಒಂದೂವರೆ ಮುಗಿಸಿತು. ಆ ಬಣ್ಣ ಅದರ ಮೈಯಿಂದ ಹೋಗಲು ಮೂರು ದಿನದ ಎಣ್ಣೆಸ್ನಾನ ಬೇಕಾಯಿತು, ನನ್ನ ಪಂಚೆಯಿಂದ ಇನ್ನೂ ಹೋಗಿಲ್ಲ.

ಪೂರ್ವಪಕ್ಷ

ಭಾಮೈದ ಬೆಂಗಳೂರಿನ ಒಂಬತ್ತನೆಯ ಮಹಡಿಯವನು. “ಭಾವ, ನಿದ್ದೆ? ಖರ್ಚು? ಕೂದಲು? ವಾಸನೆ?” ಎಂದು ನಾಲ್ಕು ಆಕ್ಷೇಪ ಎತ್ತಿದ. ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಮಲಗುತ್ತದೆ, ಚಿಕ್ಕದರ ವಯಸ್ಸಿನ ಮಗು ಹನ್ನೊಂದರಿಂದ ಹದಿನಾಲ್ಕು ಗಂಟೆ. ಒಟ್ಟಿನಲ್ಲಿ ಮನೆಯಲ್ಲಿ ನಿದ್ದೆಗೆ ಬರವಿಲ್ಲ, ವಿತರಣೆಯಲ್ಲಿ ಮಾತ್ರ ತೊಂದರೆ ಎಂದು ಮೊದಲನೆಯದಕ್ಕೆ ಉತ್ತರಿಸಿದೆ. ಮಿಕ್ಕ ಮೂರಕ್ಕೆ ಉತ್ತರಿಸುವ ಅಗತ್ಯ ಬೀಳಲಿಲ್ಲ. ಎರಡು ದಿನಕ್ಕೆಂದು ಬಂದವನು ಐದು ದಿನ ಇದ್ದ. ಹೊರಡುವ ದಿನ ಕೊಟ್ಟಿಗೆಯಲ್ಲಿ ಗಂಗೆಯ ಗಂಗೆದೊಗಲು ತುರಿಸುತ್ತ ಕೂತು ಬೆಳಗಿನ ಬಸ್ಸು ತಪ್ಪಿಸಿಕೊಂಡ.

ಶೇಷ

ಇಷ್ಟು ಬರೆದು, ಪ್ರತಿ ಮಾಡಿ, ಶಾಸ್ತ್ರ ಪೂರ್ಣವಾಯಿತೆಂದು ಕಟ್ಟಿಡುವಾಗ ಜೂನ್ ಬಂತು. ದೊಡ್ಡದನ್ನು ಶಿಶುವಿಹಾರಕ್ಕೆ ಸೇರಿಸಿದೆವು. ಅರ್ಜಿಯಲ್ಲಿ ‘ಲಿಂಗ’ ಎಂಬ ಕಡೆ ಪೆನ್ನು ಒಂದು ಕ್ಷಣ ತಡೆಯಿತು. ‘ಹೆಣ್ಣು’ ಎಂದು ಬರೆದೆ.

ಎರಡು ವಾರ ಕಳೆದಿರಬೇಕು. ಹೆಂಡತಿ ಒಳಗಿನಿಂದ “ಅದು ಊಟ ಮಾಡ್ತಾ?” ಎಂದು ಕೇಳಿದಳು. ಬಾಗಿಲ ಹತ್ತಿರ ಬೂಟು ಬಿಚ್ಚುತ್ತಿದ್ದ ದೊಡ್ಡದು ಎದ್ದು ನಿಂತಿತು.

“ಅಮ್ಮಾ, ನಾನು ಅದು ಅಲ್ಲ. ಟೀಚರ್ ಹೇಳಿದಾರೆ. ನಾನು ಅವಳು.”

ಹೇಳಿ ಬೂಟನ್ನು ಮೂಲೆಯಲ್ಲಿ ಜೋಡಿಸಿಟ್ಟು ಕೈತೊಳೆಯಲು ಹೋಯಿತು. ಹೋದಳು.

ನಾನು ಹಿಂದೆಯೇ ಬಚ್ಚಲ ತನಕ ಹೋದೆ. ಸಂಶೋಧಕನಿಗೆ ಸ್ಪಷ್ಟೀಕರಣ ಬೇಕು.

“ಹಾಗಾದ್ರೆ ಕಾಳ?”

“ಅವನು.”

“ಚಿನ್ನಿ?”

“ಅವಳು. ಮರಿ ಹಾಕ್ತಾಳಲ್ಲ.”

“ಗಂಗೆ?”

“ಅವಳೇ.”

“ತಮ್ಮ?”

ಇದಕ್ಕೆ ಸ್ವಲ್ಪ ಯೋಚಿಸಿದಳು. “ಅವನು. ಚಡ್ಡಿ ಹಾಕ್ಕೊಂಡಿದ್ರೆ.”

ಕೇಶಿರಾಜನಿಂದ ಏಳುನೂರೈವತ್ತು ವರ್ಷ ನಡೆದು ಬಂದದ್ದು ಬಚ್ಚಲುಮನೆಯಲ್ಲಿ, ಸೋಪಿನ ಕೈಯಲ್ಲಿ ತಿದ್ದುಪಡಿಯಾಯಿತು. ಈಗ ಮನೆಯಲ್ಲಿ ಎಲ್ಲರೂ ಅವಳ ಕಟ್ಟಳೆಯಂತೆ ಮಾತಾಡುತ್ತಾರೆ. “ಅವಳು ಹಾಲು ಕುಡಿದ್ಲು ನೋಡಿ” ಎಂದರೆ ಮೂವರಲ್ಲಿ ಯಾರೆಂದು ನಾನು ಈಗಲೂ ಹುಡುಕಬೇಕು, ಪಾತ್ರೆ ಈಗಲೂ ಮಗುಚುತ್ತದೆ.

ನಿನ್ನೆ ಸಂಜೆ ಈ ಕೊನೆಯ ಪುಟ ಬರೆಯುತ್ತಿದ್ದೆ. ಗೇಟಿನ ಹತ್ತಿರ ಅಡಿಕೆ ವ್ಯಾಪಾರಿಗಳ ದನಿ ಕೇಳಿತು. “ಪುಟ್ಟೀ, ಅಪ್ಪ ಇದಾರಾ?”

ಅವಳು ಅಂಗಳದಲ್ಲಿ ಕಲ್ಲಿಗೆ ಹೂವಿಡುತ್ತಿದ್ದಳು. ತಲೆ ಎತ್ತದೆ ಹೇಳಿದಳು:

“ಇದೆ. ಒಳಗೆ ಬರೀತಾ ಕೂತಿದೆ.”

ಕಾಳ ಎರಡು ಸಲ ಬೊಗಳಿದ.